ಹಳದಿ ಜ್ವರವನ್ನು ಪಳಗಿಸಿದ ಮ್ಯಾಕ್ಸ್ ಟೈಲರ್

ಮಕ್ಕಳೇ, ಮಳೆಗಾಲ ಬಂತೆಂದರೆ ಆಶಾ ಕಾರ್ಯಕರ್ತೆಯರು ನಿಮ್ಮ ಮನೆಗೆ ಬರುತ್ತಾರೆ. ನೀರಿನ ತೊಟ್ಟಿ, ಡ್ರಮ್ಮು, ಹಿತ್ತಲಲ್ಲಿ ಬಿದ್ದಿರುವ ಹಳೆಯ ಟೈರು, ತೆಂಗಿನ ಚಿಪ್ಪು ಎಲ್ಲವನ್ನೂ ಇಣುಕಿ ನೋಡುತ್ತಾರೆ. ಅವರು ಹುಡುಕುವುದು ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯ ಮರಿಗಳನ್ನು. ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ, ಹಗಲಲ್ಲಿ ಕಚ್ಚುವ ಈ ಸೊಳ್ಳೆ ನಮ್ಮಲ್ಲಿ ಡೆಂಗಿ ಹರಡುತ್ತದೆ ಎಂಬುದು ನಿಮಗೆ ಗೊತ್ತು.

ಆದರೆ ಇದೇ ಸೊಳ್ಳೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾ ಖಂಡಗಳಲ್ಲಿ ಇನ್ನೊಂದು ರೋಗವನ್ನೂ ಹರಡುತ್ತದೆ. ಅದು ಡೆಂಗಿಗಿಂತ ಎಷ್ಟೋ ಪಾಲು ಭೀಕರ. ಅದರ ಹೆಸರು ಹಳದಿ ಜ್ವರ. ಭಾರತದಲ್ಲಿ ಆ ರೋಗ ಇದುವರೆಗೂ ದಾಖಲಾಗಿಲ್ಲ. ಸೊಳ್ಳೆ ಇದೆ, ವೈರಸ್ ಮಾತ್ರ ಬಂದಿಲ್ಲ! ಅದು ಬಾರದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕಾವಲು ಇದೆ. ಹಳದಿ ಜ್ವರ ಇರುವ ದೇಶದಿಂದ ಬರುವವರು ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಅವರನ್ನು ಪ್ರತ್ಯೇಕವಾಗಿ ಇರಿಸಬಹುದು.

ಆ ಲಸಿಕೆಯನ್ನು ತಯಾರಿಸಿದವರು ಯಾರು? ಅವರ ಹೆಸರು ಮ್ಯಾಕ್ಸ್ ಟೈಲರ್. ಹೆಸರು ಕೇಳಿ ನಗಬೇಡಿ, ಅವರು ಬಟ್ಟೆ ಹೊಲಿಯುವವರಲ್ಲ! ಅವರು ವೈರಸ್ ವಿಜ್ಞಾನಿ. ಬನ್ನಿ, ಅವರ ಬದುಕಿನ ಕಥೆಯನ್ನು ತಿಳಿಯೋಣ.

ಏನಿದು ಹಳದಿ ಜ್ವರ?

ಕಥೆಗೆ ಮೊದಲು ರೋಗದ ಪರಿಚಯ ಇರಲಿ. ಸೊಳ್ಳೆ ಕಚ್ಚಿದಾಗ ವೈರಸ್ ನಮ್ಮ ರಕ್ತವನ್ನು ಸೇರುತ್ತದೆ. ಮೂರರಿಂದ ಆರು ದಿನಗಳಲ್ಲಿ ಜ್ವರ, ತಲೆನೋವು, ಬೆನ್ನುನೋವು, ವಾಂತಿ ಶುರುವಾಗುತ್ತವೆ. ಬಹಳಷ್ಟು ಜನ ಇಷ್ಟಕ್ಕೇ ಗುಣವಾಗುತ್ತಾರೆ. ಆದರೆ ಕೆಲವರಲ್ಲಿ ಜ್ವರ ಬಿಟ್ಟಂತೆ ಮಾಡಿ ಮತ್ತೆ ಮರುಕಳಿಸುತ್ತದೆ. ಈ ಸಲ ವೈರಸ್ ಪಿತ್ತಜನಕಾಂಗದ ಜೀವಕೋಶಗಳನ್ನು ನಾಶಮಾಡುತ್ತದೆ.

ಪಿತ್ತಜನಕಾಂಗ ಏನೇನು ಕೆಲಸ ಮಾಡುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ಹೊರಹಾಕುವುದು ಪಿತ್ತಜನಕಾಂಗದ ಕೆಲಸ. ಆ ಕೆಲಸ ನಿಂತರೆ ಹಳದಿ ವಸ್ತು ರಕ್ತದಲ್ಲೇ ಉಳಿದು ಕಣ್ಣು, ಚರ್ಮ ಹಳದಿಯಾಗುತ್ತವೆ. ಇದನ್ನೇ ನಾವು ಕಾಮಾಲೆ ಎನ್ನುವುದು. ಇನ್ನೊಂದು ಸಂಗತಿಯೂ ಇದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದೂ ಪಿತ್ತಜನಕಾಂಗವೇ. ಅದು ಕೆಟ್ಟರೆ ರಕ್ತಸ್ರಾವ ನಿಲ್ಲುವುದಿಲ್ಲ. ಮೂಗು, ಬಾಯಿ, ಹೊಟ್ಟೆಯೊಳಗೆ ರಕ್ತ ಒಸರುತ್ತದೆ. ಈ ಹಂತ ತಲುಪಿದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯುವುದಿಲ್ಲ.

1793ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ನಗರದ ಪ್ರತಿ ಹತ್ತು ಜನರಲ್ಲಿ ಒಬ್ಬರನ್ನು ಈ ರೋಗ ಕೊಂಡೊಯ್ಯಿತು. 1880ರ ದಶಕದಲ್ಲಿ ಪನಾಮಾ ಕಾಲುವೆ ತೋಡಲು ಹೋದ ಫ್ರೆಂಚ್ ಕಂಪನಿಯ ಕೆಲಸಗಾರರಲ್ಲಿ ಅಂದಾಜು 20 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಳದಿ ಜ್ವರ ಮತ್ತು ಮಲೇರಿಯಾ. ಈ ರೋಗ ಸೊಳ್ಳೆಯಿಂದ ಹರಡುತ್ತದೆ ಎಂದು ಕ್ಯೂಬಾ ದೇಶದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಯಾರೂ ನಂಬಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ಮತ್ತು ಸಂಗಡಿಗರು ಅದನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ಆ ತಂಡದ ಜೆಸ್ಸಿ ಲಾಜಿಯರ್ ಎಂಬ ವೈದ್ಯರು ಹಳದಿ ಜ್ವರದಿಂದಲೇ ತೀರಿಕೊಂಡರು.

ಸೊಳ್ಳೆ ಸಿಕ್ಕಿತು. ಆದರೆ ಸೊಳ್ಳೆ ಹೊತ್ತು ತರುವ ರೋಗಾಣು ಯಾವುದು? ಅದಕ್ಕೆ ಲಸಿಕೆ ಮಾಡುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಸಿಗಲು ಇನ್ನೂ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ದನಗಳ ಡಾಕ್ಟರ ಮಗ

ಮ್ಯಾಕ್ಸ್ ಟೈಲರ್ ಹುಟ್ಟಿದ್ದು 1899ರ ಜನವರಿ 30ರಂದು, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ನಾಲ್ಕು ಮಕ್ಕಳಲ್ಲಿ ಅವರೇ ಕಿರಿಯರು. ತಂದೆ ಆರ್ನಾಲ್ಡ್ ಟೈಲರ್ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಪಶುವೈದ್ಯರು. ಬಂದ ಹೊಸತರಲ್ಲೇ ಕೃಷಿ ಯಂತ್ರಕ್ಕೆ ಸಿಕ್ಕಿ ಅವರು ಒಂದು ಕೈ ಕಳೆದುಕೊಂಡರು. ಆದರೂ ಎದೆಗುಂದಲಿಲ್ಲ. ದನಕರುಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗದ ವಿರುದ್ಧ ದುಡಿದರು. ಮುಂದೆ ಆಂಡರ್‌ಸ್ಟಿಪೂರ್ಟ್ ಎಂಬಲ್ಲಿ ಹೆಸರಾಂತ ಪಶುವೈದ್ಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು.

ಇಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಸೂಕ್ಷ್ಮದರ್ಶಕ, ರಕ್ತದ ಮಾದರಿ, ಕೀಟಗಳು ಹೊಸತಲ್ಲ. ಮ್ಯಾಕ್ಸ್ ಅವರ ಅಕ್ಕ ಗರ್ಟ್ರೂಡ್ ಮುಂದೆ ಉಣುಗುಗಳ ಅಧ್ಯಯನದಲ್ಲಿ ಹೆಸರು ಮಾಡಿದರು. ಹೌದು, ದನದ ಮೈಗೆ ಕಚ್ಚಿಕೊಳ್ಳುವ ಉಣುಗುಗಳೇ! ಈ ಉಣುಗಿನ ವಿಷಯ ನೆನಪಿರಲಿ, ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಮ್ಯಾಕ್ಸ್ ಕೇಪ್‌ಟೌನಿನಲ್ಲಿ ಓದಿ, 1919ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದರು. ಅಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. ಆದರೆ ಕೇಪ್‌ಟೌನಿನ ಓದನ್ನು ಲಂಡನ್ ವಿಶ್ವವಿದ್ಯಾಲಯ ಮಾನ್ಯ ಮಾಡಲಿಲ್ಲ. ಹೀಗಾಗಿ ಅವರಿಗೆ ಎಂ.ಡಿ. ಪದವಿ ಸಿಗಲೇ ಇಲ್ಲ. 1922ರಲ್ಲಿ ವೈದ್ಯ ವೃತ್ತಿಗೆ ಬೇಕಾದ ಪರವಾನಗಿ ಮತ್ತು ಉಷ್ಣವಲಯದ ರೋಗಗಳ ಬಗ್ಗೆ ಒಂದು ಡಿಪ್ಲೊಮಾ ಪಡೆದರು, ಅಷ್ಟೇ. ಮುಂದೆ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ಇವರೇ! ಅದೇ ವರ್ಷ ಅವರು ಅಮೆರಿಕಾದ ಬಾಸ್ಟನ್ ನಗರಕ್ಕೆ ಹೋಗಿ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಉಷ್ಣವಲಯ ರೋಗಗಳ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು.

ತಪ್ಪು ರೋಗಾಣುವಿನ ಬೆನ್ನು ಹತ್ತಿ

ಆ ಕಾಲದಲ್ಲಿ ಹಿಡೆಯೊ ನೊಗುಚಿ ಎಂಬ ಜಪಾನಿನ ಹೆಸರಾಂತ ವಿಜ್ಞಾನಿ ಅಮೆರಿಕಾದಲ್ಲಿದ್ದರು. ಹಳದಿ ಜ್ವರಕ್ಕೆ ಕಾರಣವಾದ ಬ್ಯಾಕ್ಟೀರಿಯಾ ತಮಗೆ ಸಿಕ್ಕಿದೆ ಎಂದು ಅವರು 1919ರಲ್ಲಿ ಸಾರಿದ್ದರು. ದೊಡ್ಡವರು ಹೇಳಿದ್ದು, ಬಹಳ ಜನ ಒಪ್ಪಿದರು. ಅದರ ಮೇಲೆ ಲಸಿಕೆಯೂ ತಯಾರಾಯಿತು.

ಮ್ಯಾಕ್ಸ್ ಟೈಲರ್ ಮತ್ತು ಅವರ ಹಿರಿಯ ಸಹೋದ್ಯೋಗಿ ಆಂಡ್ರ್ಯೂ ಸೆಲ್ಲಾರ್ಡ್ಸ್ ಆ ಬ್ಯಾಕ್ಟೀರಿಯಾವನ್ನು ಪರೀಕ್ಷಿಸಿದರು. 1926ರಲ್ಲಿ ಅವರು ತೋರಿಸಿದ್ದು ಏನು ಗೊತ್ತೆ? ಅದು ಹಳದಿ ಜ್ವರದ ರೋಗಾಣುವೇ ಅಲ್ಲ! ಇಲಿಗಳ ಮೂತ್ರದಿಂದ ಹರಡುವ, ನಮ್ಮ ಗದ್ದೆಗಳಲ್ಲೂ ಕಾಣಿಸುವ ಇಲಿಜ್ವರದ ಬ್ಯಾಕ್ಟೀರಿಯಾ. ಇಲಿಜ್ವರದಲ್ಲೂ ಕಾಮಾಲೆ ಬರುತ್ತದೆ. ಎರಡೂ ರೋಗಗಳಲ್ಲಿ ಕಣ್ಣು ಹಳದಿಯಾಗುವುದರಿಂದ ಗೊಂದಲ ಆಗಿತ್ತು. ಲಕ್ಷಣ ಒಂದೇ ಎಂದ ಮಾತ್ರಕ್ಕೆ ರೋಗ ಒಂದೇ ಆಗಬೇಕಿಲ್ಲ. ಇದನ್ನು ನೆನಪಿಡಿ.

ಹಾಗಾದರೆ ನಿಜವಾದ ರೋಗಾಣು ಎಲ್ಲಿ? ಅದು ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಸಣ್ಣದಾದ ವೈರಸ್. ಅದನ್ನು ಅಭ್ಯಾಸ ಮಾಡಲು ರೋಗ ತಗಲುವ ಪ್ರಾಣಿ ಬೇಕಿತ್ತು. ಆಫ್ರಿಕಾದ ಕೋತಿಗಳಿಗೆ ರೋಗ ಗಂಭೀರವಾಗಿ ಬರುತ್ತಿರಲಿಲ್ಲ. 1927ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿದ್ದ ಏಡ್ರಿಯನ್ ಸ್ಟೋಕ್ಸ್ ಮತ್ತು ಸಂಗಡಿಗರು ನಮ್ಮ ಭಾರತದಿಂದ ತರಿಸಿದ ರೀಸಸ್ ಕೋತಿಗಳನ್ನು ಪ್ರಯೋಗಕ್ಕೆ ಬಳಸಿದರು. ಇಂದಿನ ಘಾನಾ ದೇಶದಲ್ಲಿ ಅಸಿಬಿ ಎಂಬ ಯುವಕನಿಗೆ ಹಳದಿ ಜ್ವರ ಬಂದಿತ್ತು. ಆತನ ರಕ್ತವನ್ನು ಕೋತಿಗೆ ಚುಚ್ಚಿದರು. ಕೋತಿಗೆ ರೋಗ ಬಂತು, ಸತ್ತಿತು. ವೈರಸ್ ಕೊನೆಗೂ ಕೈಗೆ ಸಿಕ್ಕಿತ್ತು! ಅಸಿಬಿ ಮಾತ್ರ ಗುಣವಾದ. ಆತನ ರಕ್ತದಿಂದ ಬಂದ ವೈರಸ್ಸಿಗೆ ಇಂದಿಗೂ ಅಸಿಬಿ ತಳಿ ಎಂದೇ ಹೆಸರು.

ಈ ಸಂಶೋಧನೆಗೆ ತೆತ್ತ ಬೆಲೆ ದೊಡ್ಡದು. ಅದೇ ವರ್ಷ ಸ್ಟೋಕ್ಸ್ ಹಳದಿ ಜ್ವರಕ್ಕೆ ಬಲಿಯಾದರು. ತಮ್ಮ ವಾದವನ್ನು ಪರೀಕ್ಷಿಸಲು ಆಫ್ರಿಕಾಕ್ಕೆ ಹೋದ ನೊಗುಚಿ 1928ರ ಮೇ ತಿಂಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಅವರ ಜೊತೆ ಕೆಲಸ ಮಾಡುತ್ತಿದ್ದ ವೈದ್ಯ ವಿಲಿಯಂ ಯಂಗ್ ಅವರೂ ಕೆಲವೇ ದಿನಗಳಲ್ಲಿ ಹೋದರು.

ಬಿಳಿ ಇಲಿ ಮಾಡಿದ ಉಪಕಾರ

ಕೋತಿಗಳು ದುಬಾರಿ. ಸಾಕುವುದೂ ಕಷ್ಟ. ನೂರಾರು ಪ್ರಯೋಗ ಮಾಡಬೇಕಾದರೆ ಅಷ್ಟು ಕೋತಿಗಳನ್ನು ಎಲ್ಲಿಂದ ತರುವುದು? ಟೈಲರ್ ಅವರಿಗೆ ಬಿಳಿ ಇಲಿಗಳ ನೆನಪಾಯಿತು. ಇಲಿಗಳ ಹೊಟ್ಟೆಗೆ ವೈರಸ್ ಚುಚ್ಚಿದರೆ ಏನೂ ಆಗುತ್ತಿರಲಿಲ್ಲ. ಆದರೆ ನೇರವಾಗಿ ಮಿದುಳಿಗೆ ಚುಚ್ಚಿದಾಗ ಇಲಿಗಳು ಸತ್ತವು. ಅವುಗಳ ಪಿತ್ತಜನಕಾಂಗಕ್ಕೆ ಏನೂ ಆಗಿರಲಿಲ್ಲ. ಮಿದುಳಿನಲ್ಲಿ ಮಾತ್ರ ಉರಿಯೂತ ಉಂಟಾಗಿತ್ತು.

ಒಂದು ಇಲಿಯ ಮಿದುಳಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೀಗೆ ಅವರು ವೈರಸ್ಸನ್ನು ದಾಟಿಸುತ್ತಾ ಹೋದರು. ಆಗ ಒಂದು ವಿಚಿತ್ರ ಕಂಡಿತು. ಇಲಿಯ ಮಿದುಳಿಗೆ ಒಗ್ಗಿಕೊಂಡ ವೈರಸ್ಸು ಕೋತಿಯ ಪಿತ್ತಜನಕಾಂಗವನ್ನು ಕೆಡಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು! 1930ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. ಮೊದಮೊದಲು ಕೆಲವರು ಇದನ್ನು ಒಪ್ಪಲಿಲ್ಲ.

ಇದರ ನಡುವೆ, 1929ರಲ್ಲಿ, ಟೈಲರ್ ಅವರಿಗೇ ಪ್ರಯೋಗಾಲಯದಲ್ಲಿ ಹಳದಿ ಜ್ವರ ತಗಲಿತು. ಪುಣ್ಯಕ್ಕೆ ರೋಗ ಸೌಮ್ಯವಾಗಿತ್ತು, ಅವರು ಗುಣವಾದರು. ಗುಣವಾದ ಮೇಲೆ ಅವರ ರಕ್ತದಲ್ಲಿ ಹಳದಿ ಜ್ವರದ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಂಡಿದ್ದವು. ಮತ್ತೆ ಆ ರೋಗ ಅವರನ್ನು ಮುಟ್ಟುವಂತಿರಲಿಲ್ಲ.

ಪ್ರತಿಕಾಯ ಎಂದರೇನು? ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ. ಅವುಗಳಲ್ಲಿ ಕೆಲವು ದೇಹಕ್ಕೆ ನುಗ್ಗಿದ ರೋಗಾಣುವನ್ನು ಗುರುತಿಸಿ, ಅದಕ್ಕೆ ತಕ್ಕ ಪ್ರೋಟೀನುಗಳನ್ನು ತಯಾರಿಸುತ್ತವೆ. ಬೀಗಕ್ಕೆ ಬೀಗದಕೈ ಹೊಂದುವಂತೆ ಈ ಪ್ರೋಟೀನುಗಳು ರೋಗಾಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುತ್ತವೆ. ಇವೇ ಪ್ರತಿಕಾಯಗಳು. ಹೋರಾಟ ಮುಗಿದ ಮೇಲೂ ಕೆಲವು ಬಿಳಿ ರಕ್ತಕಣಗಳು ಆ ರೋಗಾಣುವಿನ ನೆನಪನ್ನು ಉಳಿಸಿಕೊಳ್ಳುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಕೂಡಲೇ ಎಚ್ಚೆತ್ತುಕೊಳ್ಳುತ್ತವೆ.

ಟೈಲರ್ ಈ ಗುಣವನ್ನು ಬಳಸಿ ಒಂದು ಸರಳ ಪರೀಕ್ಷೆ ರೂಪಿಸಿದರು. ಒಬ್ಬ ವ್ಯಕ್ತಿಯ ರಕ್ತದಿಂದ ಸೀರಂ ತೆಗೆಯುವುದು. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಅದನ್ನು ವೈರಸ್ ಜೊತೆ ಬೆರೆಸಿ ಇಲಿಗೆ ಚುಚ್ಚುವುದು. ಇಲಿ ಬದುಕಿದರೆ ಆ ವ್ಯಕ್ತಿಗೆ ಹಿಂದೆಂದೋ ಹಳದಿ ಜ್ವರ ಬಂದು ಹೋಗಿದೆ ಎಂದರ್ಥ. ಇಲಿ ಸತ್ತರೆ ಬಂದಿಲ್ಲ ಎಂದರ್ಥ. ಈ ಪರೀಕ್ಷೆಯಿಂದ ಆಫ್ರಿಕಾ, ದಕ್ಷಿಣ ಅಮೆರಿಕಾದಲ್ಲಿ ರೋಗ ಎಲ್ಲೆಲ್ಲಿ ಹಬ್ಬಿದೆ ಎಂಬ ನಕ್ಷೆಯನ್ನೇ ತಯಾರಿಸಲು ಸಾಧ್ಯವಾಯಿತು.

17ಡಿ: ಪಳಗಿದ ವೈರಸ್

1930ರಲ್ಲಿ ಟೈಲರ್ ನ್ಯೂಯಾರ್ಕಿಗೆ ಬಂದು ರಾಕ್‌ಫೆಲ್ಲರ್ ಪ್ರತಿಷ್ಠಾನದ ಪ್ರಯೋಗಾಲಯ ಸೇರಿದರು. ಅಲ್ಲಿ ವಿಲ್ಬರ್ ಸಾಯರ್ ಮತ್ತು ಸಂಗಡಿಗರು ಇಲಿಯ ಮಿದುಳಿನ ವೈರಸ್ ಜೊತೆಗೆ, ರೋಗದಿಂದ ಗುಣವಾದ ಮನುಷ್ಯರ ಸೀರಂ ಕೊಟ್ಟು ಒಂದು ಲಸಿಕೆ ಮಾಡಿದ್ದರು. ಅದು ಪ್ರಯೋಗಾಲಯದವರನ್ನು ಕಾಪಾಡಿತು. ಆದರೆ ಒಬ್ಬೊಬ್ಬರಿಗೂ ಅಷ್ಟೊಂದು ಸೀರಂ ಬೇಕು ಎಂದರೆ ಲಕ್ಷಾಂತರ ಜನರಿಗೆ ಕೊಡುವುದು ಹೇಗೆ? ಇಲಿಯ ಮಿದುಳಿಗೆ ಒಗ್ಗಿದ ವೈರಸ್ ಮನುಷ್ಯರ ಮಿದುಳಿಗೂ ಅಪಾಯ ಮಾಡಬಹುದೆಂಬ ಭಯವೂ ಇತ್ತು.

ಬೇಕಾಗಿದ್ದದ್ದು ಎರಡು ಗುಣಗಳು. ವೈರಸ್ ಪಿತ್ತಜನಕಾಂಗವನ್ನೂ ಕೆಡಿಸಬಾರದು, ಮಿದುಳನ್ನೂ ಕೆಡಿಸಬಾರದು. ಆದರೂ ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಬೇಕು. ಕಾಡಾನೆಯನ್ನು ಹಿಡಿದು ಬಿಡಾರದಲ್ಲಿ ಪಳಗಿಸುವುದನ್ನು ಕೇಳಿದ್ದೀರಲ್ಲ? ಆನೆ ಆನೆಯಾಗಿಯೇ ಇರುತ್ತದೆ, ಆದರೆ ಹಾಯುವುದಿಲ್ಲ. ಹಾಗೆಯೇ ವೈರಸ್ಸನ್ನೂ ಪಳಗಿಸಬೇಕಾಗಿತ್ತು.

ಟೈಲರ್ ಮತ್ತು ಸಂಗಡಿಗರು ಅಸಿಬಿ ತಳಿಯನ್ನು ಗಾಜಿನ ಪಾತ್ರೆಗಳಲ್ಲಿ ಜೀವಂತ ಅಂಗಾಂಶಗಳ ಮೇಲೆ ಬೆಳೆಸಿದರು. ಮೊದಲು ಇಲಿಯ ಭ್ರೂಣದ ಚೂರುಗಳಲ್ಲಿ, ಆಮೇಲೆ ಕೋಳಿಯ ಭ್ರೂಣದ ಚೂರುಗಳಲ್ಲಿ, ಕೊನೆಗೆ ಮಿದುಳು ಮತ್ತು ಬೆನ್ನುಹುರಿ ತೆಗೆದ ಕೋಳಿಯ ಭ್ರೂಣದಲ್ಲಿ. ಕೆಲವು ದಿನಗಳಿಗೊಮ್ಮೆ ಒಂದು ಪಾತ್ರೆಯಿಂದ ಸ್ವಲ್ಪ ತೆಗೆದು ಹೊಸ ಪಾತ್ರೆಗೆ ಹಾಕುವುದು. ಮೊಸರಿಗೆ ನಿನ್ನೆಯ ಹೆಪ್ಪು ಹಾಕುತ್ತೇವಲ್ಲ, ಹಾಗೆ! ಹತ್ತಲ್ಲ, ಐವತ್ತಲ್ಲ, ನೂರಕ್ಕೂ ಹೆಚ್ಚು ಸಲ ಹೀಗೆ ದಾಟಿಸಿದರು. ವರ್ಷಗಳೇ ಉರುಳಿದವು.

89ನೆಯ ಮತ್ತು 114ನೆಯ ದಾಟಿಸುವಿಕೆಗಳ ನಡುವೆ ಎಲ್ಲೋ ವೈರಸ್ ಬದಲಾಗಿತ್ತು! ಈಗ ಅದನ್ನು ಕೋತಿಗೆ ಚುಚ್ಚಿದರೆ ಪಿತ್ತಜನಕಾಂಗವೂ ಕೆಡಲಿಲ್ಲ, ಮಿದುಳಿಗೂ ಹೆಚ್ಚಿನ ತೊಂದರೆ ಆಗಲಿಲ್ಲ. ಆದರೆ ಪ್ರತಿಕಾಯಗಳು ಹುಟ್ಟಿದವು. ಈ ತಳಿಗೆ 17ಡಿ ಎಂದು ಹೆಸರಾಯಿತು. ಮತ್ತೊಮ್ಮೆ ಅದೇ ದಾರಿಯಲ್ಲಿ ಹೋಗಿ ಇಂಥದೇ ತಳಿ ಪಡೆಯಲು ಅವರು ಯತ್ನಿಸಿದರು. ಆಗಲಿಲ್ಲ. ತಾಳ್ಮೆಯ ಜೊತೆಗೆ ಅದೃಷ್ಟವೂ ಕೂಡಿ ಬಂದಿತ್ತು.

ಆ ಬದಲಾವಣೆ ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅರ್ಧ ಶತಮಾನದ ನಂತರ, 1980ರ ದಶಕದಲ್ಲಿ, ವಿಜ್ಞಾನಿಗಳು ಎರಡೂ ತಳಿಗಳ ಆರ್‌ಎನ್‌ಎ ಬರಹವನ್ನು ಓದಿದರು. ಸುಮಾರು 10,860 ಅಕ್ಷರಗಳಲ್ಲಿ ಬದಲಾಗಿದ್ದು 68 ಅಕ್ಷರಗಳು ಮಾತ್ರ. ಅಷ್ಟೇ ಬದಲಾವಣೆಯಿಂದ ಕೊಲ್ಲುವ ವೈರಸ್ ಕಾಯುವ ವೈರಸ್ ಆಗಿತ್ತು!

1937ರಲ್ಲಿ ಟೈಲರ್ ಮತ್ತು ಹ್ಯೂ ಸ್ಮಿತ್ ತಮ್ಮ ಲಸಿಕೆಯ ವಿವರ ಪ್ರಕಟಿಸಿದರು. ಅದೇ ವರ್ಷ ಬ್ರೆಜಿಲ್ ದೇಶದಲ್ಲಿ ಜನರಿಗೆ ಲಸಿಕೆ ಹಾಕುವುದು ಶುರುವಾಯಿತು. ಎರಡು ಮೂರು ವರ್ಷಗಳಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಲಸಿಕೆ ಪಡೆದರು.

ಲಸಿಕೆಯೊಳಗೆ ಅಡಗಿ ಬಂದ ಇನ್ನೊಂದು ವೈರಸ್

ಮಕ್ಕಳೇ, ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದುಕೊಂಡಿರಾ? ಇಲ್ಲ. ವಿಜ್ಞಾನದ ದಾರಿಯಲ್ಲಿ ತಪ್ಪುಗಳೂ ಆಗುತ್ತವೆ. ಅವನ್ನು ಮುಚ್ಚಿಡದೆ ಹೇಳಬೇಕು.

ಲಸಿಕೆಯಲ್ಲಿನ ವೈರಸ್ ಬೇಗ ಸಾಯದಂತೆ ಅದಕ್ಕೆ ಮನುಷ್ಯರ ಸೀರಂ ಬೆರೆಸುತ್ತಿದ್ದರು. ಲಸಿಕೆ ಪಡೆದ ಕೆಲವರಿಗೆ ಎರಡು ಮೂರು ತಿಂಗಳ ನಂತರ ಕಾಮಾಲೆ ಬರುತ್ತಿತ್ತು. ಇಂಗ್ಲೆಂಡಿನ ವೈದ್ಯರು 1937ರಲ್ಲೇ ಇದನ್ನು ಗಮನಿಸಿ ಎಚ್ಚರಿಸಿದ್ದರು. ಬ್ರೆಜಿಲ್‌ನಲ್ಲೂ ಹೀಗೇ ಆಯಿತು. ಅಲ್ಲಿನವರು ಸೀರಂ ಬೆರೆಸುವುದನ್ನು ನಿಲ್ಲಿಸಿದರು. ಆದರೆ ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ ಸೀರಂ ಬೆರೆಸುವುದು ಮುಂದುವರಿಯಿತು.

ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಉಷ್ಣವಲಯದ ದೇಶಗಳಿಗೆ ಹೋಗುವ ಅಮೆರಿಕಾದ ಸೈನಿಕರಿಗೆ ಲಸಿಕೆ ಕೊಡಲಾಯಿತು. 1942ರಲ್ಲಿ ಸುಮಾರು 50 ಸಾವಿರ ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಹಲವರು ಸತ್ತರು. ಇದು ಹಳದಿ ಜ್ವರ ಇರಬಹುದೆ? ಪಳಗಿಸಿದ ವೈರಸ್ ತಿರುಗಿ ಬಿದ್ದಿತೆ? ಅಲ್ಲ. ಸೀರಂಗಾಗಿ ರಕ್ತ ಕೊಟ್ಟ ದಾನಿಗಳಲ್ಲಿ ಕೆಲವರಿಗೆ ಹಿಂದೆ ಕಾಮಾಲೆ ಆಗಿತ್ತು. ಅವರ ರಕ್ತದಲ್ಲಿ ಬೇರೊಂದು ವೈರಸ್ ಅಡಗಿ ಕುಳಿತಿತ್ತು. ನೋಡಲು ಆರೋಗ್ಯವಾಗಿದ್ದ ಜನರ ರಕ್ತದ ಮೂಲಕ ಅದು ಲಸಿಕೆಯನ್ನು ಸೇರಿತ್ತು. 1942ರ ಏಪ್ರಿಲ್‌ನಲ್ಲಿ ಸೀರಂ ಬೆರೆತ ಲಸಿಕೆಯನ್ನು ನಿಲ್ಲಿಸಿ, ಸೀರಂ ಇಲ್ಲದ ಲಸಿಕೆ ಬಳಕೆಗೆ ತಂದರು. ಆ ಲಸಿಕೆಯಿಂದ ಕಾಮಾಲೆ ಬರುವುದು ನಿಂತಿತು.

ಆ ಗುಪ್ತ ವೈರಸ್ ಯಾವುದು? ಅದರ ಸುಳಿವು ಮೊದಲು ಸಿಕ್ಕಿದ್ದು 1960ರ ದಶಕದಲ್ಲಿ, ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿಗೆ. ಅದೇ ಹೆಪಟೈಟಿಸ್ ಬಿ ವೈರಸ್. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗ ವಯಸ್ಸಾಗಿದ್ದ ಆ ಮಾಜಿ ಸೈನಿಕರ ರಕ್ತವನ್ನು ಪರೀಕ್ಷಿಸಲಾಯಿತು. 1942ರಲ್ಲಿ ಕಾಮಾಲೆ ಬಂದಿದ್ದ ಬಹುತೇಕ ಎಲ್ಲರ ರಕ್ತದಲ್ಲೂ ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯಗಳು ಸಿಕ್ಕವು. 45 ವರ್ಷಗಳಾದರೂ ರಕ್ತ ಆ ಶತ್ರುವನ್ನು ಮರೆತಿರಲಿಲ್ಲ!

ಈ ಘಟನೆಯಿಂದ ಜಗತ್ತು ದೊಡ್ಡ ಪಾಠ ಕಲಿಯಿತು. ಇಂದು ರಕ್ತನಿಧಿಗಳಲ್ಲಿ ದಾನಿಯ ರಕ್ತವನ್ನು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಇವುಗಳಿಗಾಗಿ ಪರೀಕ್ಷಿಸದೆ ಯಾರಿಗೂ ಕೊಡುವಂತಿಲ್ಲ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಆ ಕಾಲದಲ್ಲೇ ಕಲಿತರು. ವೈರಸ್ಸನ್ನು ದಾಟಿಸುತ್ತಲೇ ಹೋದರೆ ಅದು ಮತ್ತೆ ಬದಲಾಗಬಹುದು. 1941ರಲ್ಲಿ ಬ್ರೆಜಿಲ್‌ನಲ್ಲಿ ಹಾಗೆ ಬದಲಾದ ತಳಿಯಿಂದ ಕೆಲವರಿಗೆ ಮಿದುಳಿನ ಉರಿಯೂತ ಬಂತು. ಅಂದಿನಿಂದ ಒಳ್ಳೆಯ ತಳಿಯ ವೈರಸ್ಸನ್ನು ಬೀಜದಂತೆ ತೆಗೆದಿರಿಸಿ, ಪ್ರತಿ ಸಲವೂ ಅದೇ ಬೀಜದಿಂದ ಲಸಿಕೆ ತಯಾರಿಸುವ ಪದ್ಧತಿ ಬಂತು. ನಿಮ್ಮ ಅಜ್ಜಿ ಒಳ್ಳೆಯ ರಾಗಿ ತೆನೆಗಳನ್ನು ಆರಿಸಿ ಬಿತ್ತನೆಗೆ ಎತ್ತಿಡುವುದಿಲ್ಲವೆ? ಹಾಗೆಯೇ ಇದು.

ನೊಬೆಲ್ ಬಹುಮಾನ ಮತ್ತು ನಂತರ

1940ರಿಂದ 1947ರವರೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನವು 2 ಕೋಟಿ 80 ಲಕ್ಷಕ್ಕೂ ಹೆಚ್ಚು ಡೋಸ್ ಲಸಿಕೆಯನ್ನು ತಯಾರಿಸಿ ಉಚಿತವಾಗಿ ಹಂಚಿತು. 1951ರಲ್ಲಿ ಮ್ಯಾಕ್ಸ್ ಟೈಲರ್ ಅವರಿಗೆ ವೈದ್ಯಕೀಯ ವಿಭಾಗದ ನೊಬೆಲ್ ಬಹುಮಾನ ಬಂತು. ವೈರಸ್ ರೋಗದ ಲಸಿಕೆಯೊಂದಕ್ಕೆ ಸಂದ ಮೊದಲ ನೊಬೆಲ್ ಅದು.

ನೊಬೆಲ್ ಬಂದ ಮೇಲೂ ಅವರು ಪ್ರಯೋಗಾಲಯ ಬಿಡಲಿಲ್ಲ. ಸೊಳ್ಳೆ, ಉಣುಗು ಮುಂತಾದವುಗಳಿಂದ ಹರಡುವ ಬೇರೆ ವೈರಸ್‌ಗಳ ಅಧ್ಯಯನಕ್ಕೆ ತೊಡಗಿದರು. 1964ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1967ರಲ್ಲಿ ನಿವೃತ್ತರಾದರು. 1972ರ ಆಗಸ್ಟ್ 11ರಂದು ನ್ಯೂ ಹೇವನ್ ನಗರದಲ್ಲಿ ತೀರಿಕೊಂಡರು.

ಶಿವಮೊಗ್ಗದ ಕಾಡಿನಲ್ಲಿ

ಈಗ ಉಣುಗಿನ ವಿಷಯಕ್ಕೆ ಬರೋಣ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ತೀವ್ರ ಜ್ವರ, ಕೆಲವರಿಗೆ ರಕ್ತಸ್ರಾವ. ಸುದ್ದಿ ಕೇಳಿದ ವಿಜ್ಞಾನಿಗಳಿಗೆ ಎದೆ ಝಲ್ಲೆಂದಿತು. ಏಕೆಂದರೆ ದಕ್ಷಿಣ ಅಮೆರಿಕಾದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಮಂಗಗಳು ಹೀಗೆಯೇ ಸಾಯುತ್ತವೆ! ಕೊನೆಗೂ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೆ?

ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಅದನ್ನು ಸ್ಥಾಪಿಸಿದ್ದವು. ಅಲ್ಲಿನ ವಿಜ್ಞಾನಿಗಳು ಕಾಡಿಗೆ ಧಾವಿಸಿದರು. ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಾಂಶ ತಂದು ಇಲಿಮರಿಗಳ ಮಿದುಳಿಗೆ ಚುಚ್ಚಿ ವೈರಸ್ ಹುಡುಕಿದರು. ಟೈಲರ್ ತೋರಿಸಿದ ದಾರಿ ಮಲೆನಾಡಿಗೂ ಬಂತು ನೋಡಿ! ಸಿಕ್ಕಿದ ವೈರಸ್ ಹಳದಿ ಜ್ವರದ್ದಲ್ಲ. ಅದರ ಕುಟುಂಬಕ್ಕೇ ಸೇರಿದ, ಆದರೆ ಸೊಳ್ಳೆಯ ಬದಲು ಉಣುಗಿನಿಂದ ಹರಡುವ ಹೊಸ ವೈರಸ್. ಅದೇ ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಮಂಗನ ಕಾಯಿಲೆ.

ಡೆಂಗಿ, ಜಪಾನೀಸ್ ಮಿದುಳು ಜ್ವರ, ಮಂಗನ ಕಾಯಿಲೆ ಇವೆಲ್ಲ ಒಂದೇ ಕುಟುಂಬದ ವೈರಸ್‌ಗಳಿಂದ ಬರುತ್ತವೆ. ಆ ಕುಟುಂಬದ ಹೆಸರು ಫ್ಲಾವಿವಿರಿಡೆ. ಲ್ಯಾಟಿನ್ ಭಾಷೆಯಲ್ಲಿ ಫ್ಲಾವಸ್ ಎಂದರೆ ಹಳದಿ. ಹಳದಿ ಜ್ವರದಿಂದಲೇ ಇಡೀ ಕುಟುಂಬಕ್ಕೆ ಆ ಹೆಸರು ಬಂತು. ಟೈಲರ್ ತಮ್ಮ ಕೊನೆಯ ವರ್ಷಗಳಲ್ಲಿ ಸಹೋದ್ಯೋಗಿ ವಿಲ್ಬರ್ ಡೌನ್ಸ್ ಜೊತೆ ಸೇರಿ ಇಂಥ ವೈರಸ್‌ಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಅವರು ತೀರಿಕೊಂಡ ಮರುವರ್ಷ, 1973ರಲ್ಲಿ ಅದು ಪ್ರಕಟವಾಯಿತು. ಕ್ಯಾಸನೂರು ಎಂಬ ನಮ್ಮ ಪುಟ್ಟ ಊರಿನ ಹೆಸರು ಅದರಲ್ಲೂ ಇದೆ.

ಇಂದಿಗೂ ಅದೇ ಲಸಿಕೆ

17ಡಿ ತಳಿಯ ಲಸಿಕೆಯನ್ನು ಇಂದಿಗೂ ಕೋಳಿಮೊಟ್ಟೆಯಲ್ಲೇ ಬೆಳೆಸಿ ತಯಾರಿಸುತ್ತಾರೆ. ಇದುವರೆಗೆ 60 ಕೋಟಿಗೂ ಹೆಚ್ಚು ಡೋಸ್ ಬಳಕೆಯಾಗಿದೆ. ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ರಕ್ಷಣೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ತಿಳಿಸಿತು. ಆದರೂ ಸಿಡುಬಿನಂತೆ ಈ ರೋಗವನ್ನು ಭೂಮಿಯಿಂದಲೇ ಅಳಿಸಿ ಹಾಕಲು ಆಗಿಲ್ಲ. ಏಕೆ? ಸಿಡುಬಿನ ವೈರಸ್ ಮನುಷ್ಯರಲ್ಲಿ ಮಾತ್ರ ಇತ್ತು. ಹಳದಿ ಜ್ವರದ ವೈರಸ್ ಕಾಡಿನ ಮಂಗಗಳಲ್ಲೂ ಸೊಳ್ಳೆಗಳಲ್ಲೂ ಇದೆ. ಕಾಡಿನ ಮಂಗಗಳಿಗೆಲ್ಲ ಲಸಿಕೆ ಹಾಕಲು ಸಾಧ್ಯವೆ?

ಶಾಲೆಗೆ ಲಸಿಕೆ ಹಾಕುವವರು ಬಂದರೆ ಕೆಲವು ಮಕ್ಕಳು ಬೆಂಚಿನ ಕೆಳಗೆ ಅಡಗುವುದನ್ನು ನಾನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ಸೂಜಿಯ ಭಯ ಸಹಜ. ಮುಂದಿನ ಸಲ ನಿಮ್ಮ ಸರದಿ ಬಂದಾಗ ಟೈಲರ್ ಅವರನ್ನು, ಸ್ಟೋಕ್ಸ್ ಅವರನ್ನು, ಅಸಿಬಿಯನ್ನು ನೆನಪಿಸಿಕೊಳ್ಳಿ. ಆ ಒಂದು ಹನಿ ಔಷಧಿಯ ಹಿಂದೆ ಎಷ್ಟು ಜನರ ದುಡಿಮೆ, ಎಷ್ಟು ಜನರ ಪ್ರಾಣ ಇದೆ! ತೋಳು ಚಾಚುವುದು ಆಗ ಅಷ್ಟು ಕಷ್ಟವಾಗದು.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯಲ್ಲಿರುವ ತಾಯಿ ಕಾರ್ಡನ್ನು ಅಮ್ಮನಿಂದ ಕೇಳಿ ಪಡೆಯಿರಿ. ನೀವು ಹುಟ್ಟಿದಾಗ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದಾರೆಯೇ ನೋಡಿ. ಯಾವ ಯಾವ ಲಸಿಕೆ, ಯಾವ ತಿಂಗಳಲ್ಲಿ ಎಂದು ಪಟ್ಟಿ ಮಾಡಿ.

2. ವಾರಕ್ಕೊಂದು ದಿನ ಮನೆಯ ತೊಟ್ಟಿ, ಡ್ರಮ್ಮುಗಳ ನೀರು ಖಾಲಿ ಮಾಡಿ, ಒಳಗೋಡೆ ತಿಕ್ಕಿ ಒಣಗಿಸಿ. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಗೆ. ಬರೀ ನೀರು ಚೆಲ್ಲಿದರೆ ಸಾಲದು ಏಕೆ? ಯೋಚಿಸಿ, ನಿಮ್ಮ ಗುರುಗಳೊಂದಿಗೆ ಚರ್ಚಿಸಿ.